ಕಂಪವಾತವೂ ಸಂಶೋಧನೆಯ ಹಣವೂ

ಮಾರೇನಹಳ್ಳಿಯಲ್ಲಿ ನಮ್ಮ ಮನೆಯ ಎದುರಿಗೆ ನಿವೃತ್ತ ಗಣಿತೋಪಾಧ್ಯಾಯರೊಬ್ಬರು ವಾಸವಾಗಿರುವರು. ಬೀದಿಯವರೆಲ್ಲರಿಗೂ ಅವರು ‘ಮೇಷ್ಟ್ರು’. ಹಾಲಿನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಅವರ ಹಳೆಯ ವಾಡಿಕೆ. ಒಂದು ದಿನ ಹಿಂದಿನ ವರ್ಷದ ಕ್ಯಾಲೆಂಡರನ್ನು ನನ್ನ ಮುಂದೆ ಹರಡಿ, “ನೋಡಪ್ಪ, ಜನವರಿಯ ಅಂಕಿ ಕಡಲೆಕಾಳಿನಷ್ಟು, ಡಿಸೆಂಬರಿನದು ಸಾಸಿವೆಯಷ್ಟು. ನಾನೇನೂ ಬೇಕೆಂದು ಚಿಕ್ಕದಾಗಿ ಬರೆದವನಲ್ಲ” ಎಂದರು. ಬಲಗೈಯ ನಡುಕ ಕಾಣಿಸಿಕೊಂಡದ್ದು ಅದಾದ ಮೇಲೆ. ವೈದ್ಯರು ಪರೀಕ್ಷಿಸಿ ಪಾರ್ಕಿನ್ಸನ್ ರೋಗವೆಂದು ನಿರ್ಣಯಿಸಿದರು. ಅಕ್ಷರ ಕುಗ್ಗುವುದೂ ಈ ರೋಗದ ಒಂದು ಲಕ್ಷಣವೇ ಎಂದು ಆಗ ತಿಳಿಯಿತು.

ಭೌತಶಾಸ್ತ್ರದವನಾದ ನನ್ನ ಗಮನ ಮೊದಲು ಹೋದದ್ದು ಆ ನಡುಕದ ಕಡೆಗೆ. ತೊಡೆಯ ಮೇಲೆ ವಿಶ್ರಾಂತವಾಗಿರುವ ಕೈ ಸೆಕೆಂಡಿಗೆ 4ರಿಂದ 6 ಸಲ ಆಂದೋಲಿಸುವುದು. ಲೋಟವನ್ನು ಹಿಡಿಯಲು ಚಾಚಿದೊಡನೆ ನಡುಕ ತಗ್ಗುವುದು. ಇದೆಷ್ಟು ವೇಗದ ಆಂದೋಲನ? ಪ್ರಯೋಗಶಾಲೆಯಲ್ಲಿ ನೀವು ತೂಗಿಬಿಡುವ ಒಂದು ಮೀಟರ್ ಉದ್ದದ ಸರಳ ಲೋಲಕ ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡು ತೆಗೆದುಕೊಳ್ಳುವುದಷ್ಟೆ. ಲೋಲಕದ ಉದ್ದ ಆವರ್ತಕಾಲದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಸೆಕೆಂಡಿಗೆ ಐದು ಸಲ, ಎಂದರೆ ಹತ್ತು ಪಾಲು ಬೇಗ, ಆಡುವ ಲೋಲಕದ ಉದ್ದ ನೂರನೆಯ ಒಂದು ಪಾಲು, ಕೇವಲ ಒಂದು ಸೆಂಟಿಮೀಟರ್ ಆಗಬೇಕು. ಅಂಥ ಲೋಲಕವನ್ನು ಕಣ್ಣಿನಿಂದ ಎಣಿಸಲು ಪ್ರಯತ್ನಿಸಿ ನೋಡಿ. ಮೇಷ್ಟ್ರ ಬೆರಳುಗಳ ಅವಸ್ಥೆ ಆಗ ಅರ್ಥವಾದೀತು.

ಈ ರೋಗವನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿದವನು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್, 1817ರಲ್ಲಿ. ಅವನ ಪ್ರಬಂಧಕ್ಕೆ ಆಧಾರವಾದವರು ಆರೇ ಮಂದಿ. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ನಡೆದುಹೋಗುವಾಗ ಕಂಡದ್ದಷ್ಟೆ. ನಮ್ಮ ಆಯುರ್ವೇದದವರು ಇಂಥ ಲಕ್ಷಣಗಳನ್ನು ಕಂಪವಾತವೆಂದು ಕರೆದಿರುವರು. ಎರಡು ನೂರು ವರ್ಷಗಳು ಕಳೆದರೂ ಈ ರೋಗಕ್ಕೆ ಶಮನವುಂಟೇ ಹೊರತು ನಿವಾರಣೆಯಿಲ್ಲ. ಏಕೆ? ಈ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಮಿದುಳಿನಲ್ಲಿದೆ. ಉಳಿದರ್ಧ ಹಣದ ಲೆಕ್ಕದಲ್ಲಿದೆ.

ಮೊದಲು ಮಿದುಳಿನ ಮಾತು. ಮಿದುಳಿನ ಕಾಂಡದ ಮೇಲ್ಭಾಗದಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಪಟ್ಟಿಯುಂಟು. ಲ್ಯಾಟಿನಿನಲ್ಲಿ ಅದರ ಹೆಸರು ‘ಸಬ್‌ಸ್ಟ್ಯಾನ್ಷಿಯ ನೈಗ್ರ’, ಕಪ್ಪು ದ್ರವ್ಯ. ಇಲ್ಲಿನ ನರಕೋಶಗಳು ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸಿ, ಚಲನೆಯನ್ನು ನಿಯಂತ್ರಿಸುವ ಒಳಗಿನ ಕೇಂದ್ರಗಳಿಗೆ ಒದಗಿಸುವುವು. ಪಾರ್ಕಿನ್ಸನ್ ರೋಗದಲ್ಲಿ ಈ ಕೋಶಗಳು ಒಂದೊಂದಾಗಿ ಸಾಯುವುವು. ಸಾಯುವ ಕೋಶಗಳೊಳಗೆ ಆಲ್ಫಾ ಸೈನ್ಯೂಕ್ಲಿಯಿನ್ ಎಂಬ ಪ್ರೋಟೀನು ಮುದ್ದೆಗಟ್ಟಿರುವುದು ಕಾಣುವುದು. ವಿಚಿತ್ರವೆಂದರೆ, ಕೈ ನಡುಗಲಾರಂಭಿಸುವ ವೇಳೆಗೆ ಸುಮಾರು ಅರ್ಧದಷ್ಟು ಕೋಶಗಳು ಆಗಲೇ ಹೋಗಿರುವುವು. ರೋಗಿಗೆ ರೋಗ ಆರಂಭವಾದಂತೆ ತೋರುವಾಗ, ಮಿದುಳಿಗೆ ಅದು ಮಧ್ಯಾಹ್ನ ಕಳೆದ ಹೊತ್ತು.

ಇನ್ನು ಔಷಧಿಯ ಕಥೆ. ಇದರಲ್ಲಿ ನಮ್ಮ ಎರಡು ಗಿಡಗಳು ಬರುವುವು. ರಕ್ತದೊತ್ತಡಕ್ಕೂ ಉನ್ಮಾದಕ್ಕೂ ನಮ್ಮವರು ಬಳಸುತ್ತಿದ್ದ ಸರ್ಪಗಂಧದ ಬೇರಿನಿಂದ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಜ್ಞರು 1952ರಲ್ಲಿ ರೆಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದನ್ನು ಕೊಟ್ಟ ಪ್ರಾಣಿಗಳು ಮರದ ಬೊಂಬೆಗಳಂತೆ ನಿಶ್ಚಲವಾಗುತ್ತಿದ್ದುವು. ಅಮೆರಿಕ ಸರಕಾರದ ಪ್ರಯೋಗಾಲಯವೊಂದರಲ್ಲಿ ರೆಸರ್ಪಿನ್ನಿನ ಕೆಲಸವನ್ನು ಕಲಿತು ಬಂದ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, 1957ರ ಸುಮಾರಿಗೆ ತನ್ನ ವಿಶ್ವವಿದ್ಯಾನಿಲಯದಲ್ಲಿ ಅಂಥ ಮೊಲಗಳಿಗೆ ಲೆವೊಡೋಪ ಎಂಬ ವಸ್ತುವನ್ನು ಚುಚ್ಚಿದನು. ಮೊಲಗಳು ಎದ್ದು ಓಡಾಡಿದುವು! ಡೋಪಮೀನನ್ನೇ ಕೊಟ್ಟರೆ ಅದು ರಕ್ತದಿಂದ ಮಿದುಳಿನೊಳಕ್ಕೆ ಹೋಗದು; ಲೆವೊಡೋಪ ಹೋಗಿ, ಅಲ್ಲಿ ಡೋಪಮೀನಾಗಿ ಪರಿಣಮಿಸುವುದು. ಆ ಲೆವೊಡೋಪ ನಮ್ಮ ಬೇಲಿಗಳಲ್ಲಿ ಬೆಳೆಯುವ, ಮುಟ್ಟಿದರೆ ಮೈ ತುರಿಸುವ ನಸುಗುನ್ನಿಯ ಬೀಜದಲ್ಲಿದೆ ಎಂಬುದನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು 1937ರಲ್ಲೇ ತೋರಿಸಿದ್ದರು. ವಿಯೆನ್ನಾದ ಹಾರ್ನಿಕೀವಿಚ್ ರೋಗಿಗಳ ಮಿದುಳಿನಲ್ಲಿ ಡೋಪಮೀನಿನ ಅಭಾವವನ್ನು 1960ರಲ್ಲಿ ಸಿದ್ಧಪಡಿಸಿದನು. 1967ರಲ್ಲಿ ಅಮೆರಿಕದ ಕೋಟ್ಸಿಯಾಸ್ ಹೆಚ್ಚು ಪ್ರಮಾಣದ ಮಾತ್ರೆಗಳಿಂದ ರೋಗಿಗಳನ್ನು ನಡೆಯಿಸಿದನು. ಕಾರ್ಲ್‌ಸನ್ನನಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಸರಪಳಿಯನ್ನು ಮತ್ತೊಮ್ಮೆ ನೋಡಿ. ಜನಪದರ ತಿಳಿವು, ಕಂಪನಿಯ ರಸಾಯನಶಾಲೆ, ಸರಕಾರದ ಪ್ರಯೋಗಾಲಯ, ವಿಶ್ವವಿದ್ಯಾನಿಲಯ, ಆಸ್ಪತ್ರೆ, ಕೊನೆಗೆ ಮತ್ತೆ ಕಂಪನಿಯ ಕಾರ್ಖಾನೆ. ಯಾರೂ ಕೂಡಿ ಕುಳಿತು ಯೋಜನೆ ಹಾಕಿದವರಲ್ಲ. ಒಂದು ಕೊಂಡಿಯಿಂದ ಇನ್ನೊಂದಕ್ಕೆ ಕೈ ಸೇರಿದ್ದು ಬಹುಮಟ್ಟಿಗೆ ಅದೃಷ್ಟವೇ. ಇಂದು ಆ ಮಾತ್ರೆಯ ಬೆಲೆ ನಮ್ಮ ಅಂಗಡಿಗಳಲ್ಲಿ ಕೆಲವೇ ರೂಪಾಯಿ. ಆದರೆ ಅದು ಕೋಶಗಳ ಸಾವನ್ನು ತಡೆಯದು. ವರ್ಷಗಳು ಕಳೆದಂತೆ ಅದರ ಪರಿಣಾಮದ ಅವಧಿ ಕುಗ್ಗುವುದು. ಸಾವನ್ನೇ ತಡೆಯುವ ಔಷಧಿಯನ್ನು ಹುಡುಕುವುದು ಈಗಿನ ಕಾರ್ಯ. ಅದೃಷ್ಟವನ್ನು ನಂಬಿ ಕೂಡುವಂತಿಲ್ಲ.

ಹಾಗಾದರೆ ಕಂಪನಿಗಳೇ ಏಕೆ ಹುಡುಕಬಾರದು? ಕಷ್ಟಗಳು ಇಂಥವು. ಯಕೃತ್ತಿನಿಂದ ಚೂರು ತೆಗೆದು ಪರೀಕ್ಷಿಸುವಂತೆ ಬದುಕಿರುವವರ ಮಿದುಳಿನಿಂದ ತೆಗೆಯಲಾಗದು. ರೋಗ ಬಹು ನಿಧಾನವಾಗಿ ಬೆಳೆಯುವುದರಿಂದ ಔಷಧಿ ಕೆಲಸ ಮಾಡಿತೇ ಇಲ್ಲವೇ ಎಂದು ತಿಳಿಯಲು ವರ್ಷಗಟ್ಟಲೆ ಕಾಯಬೇಕು. ಅಳೆಯುವ ಉಪಕರಣವಾದರೂ ಯಾವುದು? ಬಹುಕಾಲ ವೈದ್ಯನ ಕಣ್ಣು ಮತ್ತು ಅವನು ಕೊಡುವ ಅಂಕಗಳಷ್ಟೆ. ಮಾಪಕವಿಲ್ಲದೆ ಪ್ರಯೋಗ ಮಾಡಿದರೆ ಏನಾಗುವುದೆಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿಲ್ಲ. ಇಂಥ ಪ್ರಯೋಗಗಳಲ್ಲಿ ಸೋಲೇ ಹೆಚ್ಚು. ಒಂದೊಂದು ಸೋಲಿಗೂ ಅಪಾರ ವೆಚ್ಚ. 2018ರ ಜನವರಿಯಲ್ಲಿ ಫೈಜರ್ ಎಂಬ ಭಾರಿ ಔಷಧ ಕಂಪನಿ ಪಾರ್ಕಿನ್ಸನ್ ಮತ್ತು ಆಲ್ಜೈಮರ್ ರೋಗಗಳಿಗೆ ಹೊಸ ಔಷಧ ಹುಡುಕುವ ಕೆಲಸವನ್ನು ನಿಲ್ಲಿಸುವುದಾಗಿ ಸಾರಿ, ಸುಮಾರು ಮುನ್ನೂರು ಮಂದಿಯ ಹುದ್ದೆಗಳನ್ನು ರದ್ದುಮಾಡಿತು. ಅದನ್ನು ದೂಷಿಸಿ ಫಲವಿಲ್ಲ; ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಾದವರು ಇಪ್ಪತ್ತು ವರ್ಷ ಕಾಯಲಾರರು.

ಸರಕಾರವೇ ಏಕೆ ಎಲ್ಲವನ್ನೂ ಮಾಡಬಾರದು? ಸರಕಾರಿ ಅನುದಾನ ಸಾಮಾನ್ಯವಾಗಿ ಮೂರು ನಾಲ್ಕು ವರ್ಷಗಳ ಅವಧಿಯದು. ಅದರಿಂದ ಒಂದು ಪ್ರಬಂಧ ಹೊರಡಬಹುದು; ಸಾವಿರಾರು ಜನರಿಗೆ ಕೊಡಬಲ್ಲ, ಕಲಬೆರಕೆಯಿಲ್ಲದ ಮಾತ್ರೆ ಹೊರಡದು. ಅಲ್ಲದೆ ನಮ್ಮ ದೇಶ 2020–21ರಲ್ಲಿ ಎಲ್ಲ ಬಗೆಯ ಸಂಶೋಧನೆಗೂ ಸೇರಿಸಿ ವೆಚ್ಚಮಾಡಿದ್ದು ರಾಷ್ಟ್ರೋತ್ಪನ್ನದ ಶೇಕಡ 0.64ರಷ್ಟು ಮಾತ್ರ. ಹೀಗೆ, ಒಬ್ಬರು ಪ್ರಾರಂಭಿಸಿ ಮುಗಿಸಲಾರದ, ಇನ್ನೊಬ್ಬರು ಪ್ರಾರಂಭಿಸಲೇ ಅಂಜುವ ಕೆಲಸಕ್ಕೆ ಇಬ್ಬರೂ ಕೂಡಿ ಹಣ ಹಾಕುವ ಏರ್ಪಾಡನ್ನು ಸಾರ್ವಜನಿಕ–ಖಾಸಗಿ ಸಹಭಾಗಿತ್ವವೆಂದು ಕರೆಯುವರು.

ಪಾರ್ಕಿನ್ಸನ್ ರೋಗದಲ್ಲಿ ಇದರ ಅತ್ಯುತ್ತಮ ಉದಾಹರಣೆ ಮಾಪಕದ ಅನ್ವೇಷಣೆಯೇ. 29ನೆಯ ವಯಸ್ಸಿನಲ್ಲಿ ಈ ರೋಗಕ್ಕೆ ತುತ್ತಾದ ನಟ ಮೈಕೇಲ್ ಜೆ. ಫಾಕ್ಸ್ 2000ದಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದನು. ಅದರ ನೇತೃತ್ವದಲ್ಲಿ 2010ರಿಂದ ಹೊಸ ರೋಗಿಗಳನ್ನೂ ಆರೋಗ್ಯವಂತರನ್ನೂ ವರ್ಷ ವರ್ಷವೂ ಪರೀಕ್ಷಿಸುವ ದೀರ್ಘ ಅಧ್ಯಯನ ನಡೆದಿದೆ. ಪರಸ್ಪರ ಸ್ಪರ್ಧಿಗಳಾದ ಹಲವು ಔಷಧ ಕಂಪನಿಗಳು ಇದಕ್ಕೆ ಹಣ ಕೊಟ್ಟಿರುವುವು. ಆದರೆ ದೊರೆತ ಮಾಹಿತಿಯನ್ನು ಯಾವ ಅರ್ಹ ಸಂಶೋಧಕನಾದರೂ ಬಳಸಬಹುದೆಂಬುದು ಕರಾರು. ಇದು ಸಣ್ಣ ಮಾತಲ್ಲ. ಊರಿನ ಕೆರೆಯ ಹೂಳನ್ನು ಎಲ್ಲರೂ ಸೇರಿ ಎತ್ತುವರು. ನೀರು ಬಂದ ಮೇಲೆ ಅವರವರ ಗದ್ದೆ ಅವರವರದು. 2018ರಲ್ಲಿ ಅಮೆರಿಕ ಸರಕಾರದ ಆರೋಗ್ಯ ಸಂಸ್ಥೆಗಳೂ ಈ ಪ್ರತಿಷ್ಠಾನವೂ ಐದು ಕಂಪನಿಗಳೂ ಸೇರಿ ಇಂಥದೇ ಇನ್ನೊಂದು ಕೂಟವನ್ನು ಕಟ್ಟಿದುವು. ತಮಾಷೆಯೆಂದರೆ, ಅದೇ ತಿಂಗಳು ಅಂಗಡಿ ಮುಚ್ಚಿದ ಫೈಜರ್ ಈ ಐದರಲ್ಲಿ ಒಂದು! 2023ರಲ್ಲಿ ಮೊದಲನೆಯ ಅಧ್ಯಯನದ ಫಲ ಪ್ರಕಟವಾಯಿತು. ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಮುದ್ದೆಗಟ್ಟುವ ಸೈನ್ಯೂಕ್ಲಿಯಿನ್ನನ್ನು ಪತ್ತೆಹಚ್ಚುವ ಪರೀಕ್ಷೆಯನ್ನು 1,123 ಮಂದಿಯಲ್ಲಿ ನಡೆಯಿಸಿದಾಗ ಅದು ರೋಗಿಗಳನ್ನು ಶೇಕಡ 88ರಷ್ಟು ಸರಿಯಾಗಿ ಗುರುತಿಸಿತು. ವೈದ್ಯನ ಕಣ್ಣಿಗೆ ಜೊತೆಯಾಗಿ ಒಂದು ಉಪಕರಣ ದೊರೆತಂತಾಯಿತು.

ಇದು ಹೊರದೇಶದ ಮಾತಾಯಿತು. ನಮ್ಮಲ್ಲಿ ಇಂಥ ಕೂಡುಬಾಳು ಹೊಸದೆಂದು ಭಾವಿಸಬೇಡಿ. ಮಲ್ಲೇಶ್ವರದಾಚೆಗಿನ ಭಾರತೀಯ ವಿಜ್ಞಾನ ಮಂದಿರವನ್ನು ಬೆಂಗಳೂರಿನ ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವರು. ಜಮ್‌ಶೇಟ್‌ಜಿ ಟಾಟಾ ಅದಕ್ಕಾಗಿ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಮುಡಿಪಿಟ್ಟರು. ಮೈಸೂರು ಸಂಸ್ಥಾನ 371 ಎಕರೆ ಭೂಮಿಯನ್ನು ಕೊಟ್ಟಿತು. ಭಾರತ ಸರಕಾರ ವಾರ್ಷಿಕ ನೆರವು ನೀಡಿತು. ಹೀಗೆ 1909ರಲ್ಲಿ ಅದು ಸ್ಥಾಪನೆಯಾಯಿತು. ದಾನಿ 1904ರಲ್ಲೇ ತೀರಿಕೊಂಡಿದ್ದರು.

ಅದೇ ಆವರಣದಲ್ಲಿ ಶತಮಾನ ಕಳೆದ ಮೇಲೆ ಮಿದುಳು ಸಂಶೋಧನಾ ಕೇಂದ್ರವೊಂದು ಹುಟ್ಟಿತು. ಇನ್ಫೋಸಿಸ್ಸಿನ ಸಹಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಅವರ ಪತ್ನಿ ಸುಧಾ ಅವರ ಪ್ರತೀಕ್ಷಾ ಟ್ರಸ್ಟ್ ಇದಕ್ಕೆ 225 ಕೋಟಿ ರೂಪಾಯಿಗಳನ್ನು ವಾಗ್ದಾನ ಮಾಡಿತು. 2022ರ ಜೂನ್ ತಿಂಗಳಲ್ಲಿ ಹೊಸ ಕಟ್ಟಡದ ಉದ್ಘಾಟನೆಯಾಯಿತು. ಈ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ದೀರ್ಘಕಾಲ ಗಮನಿಸುವ ಗುರಿಯಿಟ್ಟುಕೊಂಡಿರುವರು. ಬೆಂಗಳೂರು ನಗರದಲ್ಲಿ ಟಾಟಾ ಟ್ರಸ್ಟಿನ ನೆರವಿನಿಂದ ಇದರದೇ ಜೊತೆಯ ಅಧ್ಯಯನವೊಂದುಂಟು. ಮಾವಿನ ತೋಪುಗಳ ಆ ಸೀಮೆಯ ರೈತರ ಮಿದುಳು ವಯಸ್ಸಾದಂತೆ ಹೇಗೆ ಬದಲಾಗುವುದೆಂಬುದು ಇದುವರೆಗೆ ಯಾರೂ ಅಳೆಯದಿದ್ದ ವಿಷಯ. ಮುಖ್ಯ ಲಕ್ಷ್ಯ ಮರೆವಿನ ರೋಗವಾದರೂ ಮುಪ್ಪಿನ ಬೇರೆ ಮಿದುಳು ರೋಗಗಳಿಗೂ ಇದರಿಂದ ತಳಹದಿ ದೊರೆಯುವುದು.

ಆದರೆ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಪ್ರತೀಕ್ಷಾ ಟ್ರಸ್ಟೂ ಕೂಡಿ ಹಣ ಒದಗಿಸಿದ, ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮೊದಲಾದುವು ನಡೆಯಿಸಿದ ಕಾಂಡಕೋಶಗಳ ಯೋಜನೆ ಆರಿಸಿಕೊಂಡದ್ದು ಐದು ಕಾಯಿಲೆಗಳನ್ನು: ಸ್ಕಿಜೋಫ್ರೀನಿಯ, ಉನ್ಮಾದ–ಖಿನ್ನತೆ, ಗೀಳು, ವ್ಯಸನ ಮತ್ತು ಮರೆವು. 2023ರಲ್ಲಿ ರೋಹಿಣಿ ನಿಲೇಕಣಿಯವರು ಐದು ವರ್ಷಗಳಿಗೆ ಕೊಡಲೊಪ್ಪಿದ 100 ಕೋಟಿ ರೂಪಾಯಿ ಇದೇ ಹಾದಿಯನ್ನು ಮುಂದುವರಿಸುವುದಕ್ಕೆ. ಎರಡೂ ಸ್ತುತ್ಯ ಕಾರ್ಯಗಳೇ. ಎರಡರಲ್ಲೂ ಪಾರ್ಕಿನ್ಸನ್ ಇಲ್ಲ. ದಾನದ ಹಣಕ್ಕೆ ಈ ಗುಣವುಂಟು: ಅದು ದಾನಿಯ ಮನಸ್ಸು ಹರಿದ ಕಡೆ ಹರಿಯುವುದು. ಇದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ ಗೂಗಲ್ ಸಂಸ್ಥಾಪಕರಲ್ಲೊಬ್ಬನಾದ ಸರ್ಗೆ ಬ್ರಿನ್. ಪಾರ್ಕಿನ್ಸನ್ ರೋಗದ ಸಂಭವವನ್ನು ಹೆಚ್ಚಿಸುವ ‘ಲರ್ಕ್–2’ ಜೀನಿನ ದೋಷವೊಂದು ತನ್ನಲ್ಲಿದೆಯೆಂದು ಅವನು 2008ರಲ್ಲಿ ಪ್ರಕಟಿಸಿ, ಈ ರೋಗದ ಸಂಶೋಧನೆಗೆ ಅಪಾರ ಧನವನ್ನು ಸುರಿದನು. ಆ ದೋಷ ಭಾರತೀಯ ರೋಗಿಗಳಲ್ಲಿ ಅತಿ ವಿರಳ! ಅದಕ್ಕೆಂದೇ ಒಂದು ಮದ್ದು ದೊರೆತರೂ ನಮ್ಮ ಮೇಷ್ಟ್ರಿಗೆ ಅದರಿಂದ ಪ್ರಯೋಜನವಾಗುವುದು ಸಂದೇಹ. ಹೀಗೆಂದು ಬ್ರಿನ್ನನ ಹಣ ವ್ಯರ್ಥವೆಂದಲ್ಲ. ಅದೇ ಹಣದಿಂದ ನಡೆಯುವ ಜಾಗತಿಕ ಜೀನ್ ಅನ್ವೇಷಣೆಯಲ್ಲಿ 2023ರಲ್ಲಿ ನೈಜೀರಿಯ ಮೊದಲಾದ ಕಡೆಗಳ ಆಫ್ರಿಕನ್ ಮೂಲದವರಲ್ಲಿ ಯೂರೋಪಿನವರಲ್ಲಿ ಕಾಣದಿದ್ದ ಹೊಸ ಕಾರಣವೊಂದು ಗೋಚರವಾಯಿತು. ಎಲ್ಲಿ ಹುಡುಕುವೆವೋ ಅಲ್ಲಿ ಕಾಣುವುದು.

ಭಾರತೀಯರಲ್ಲಿ ಹುಡುಕಬೇಕಾದದ್ದು ಬಹಳವಿದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಸೂಚನೆಗಳಿವೆ. ನಿಮ್ಹಾನ್ಸಿನ ವೈದ್ಯರು ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ 1,02,557 ಮಂದಿಯನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದ ಸಮೀಕ್ಷೆಯಲ್ಲಿ ಈ ರೋಗ ಲಕ್ಷಕ್ಕೆ ಸುಮಾರು 33 ಜನರಲ್ಲಿ ಕಂಡಿತು. ಮುಂಬಯಿಯ ಪಾರ್ಸಿಗಳಲ್ಲಿ 1988ರಲ್ಲಿ ಪ್ರಕಟವಾದ ಎಣಿಕೆ 328. ಪಾರ್ಸಿಗಳಲ್ಲಿ ವೃದ್ಧರು ಹೆಚ್ಚೆಂಬುದನ್ನು ಈ ಅಂತರದಲ್ಲಿ ಮೊದಲು ಕಳೆಯಬೇಕು, ನಿಜ. ಆದರೂ ಯೋಚಿಸಬೇಕಾದ ಅಂತರ. ನಿಮ್ಹಾನ್ಸಿನಲ್ಲಿ 1995ರಲ್ಲಿ ಆರಂಭವಾದ ಮಿದುಳು ಭಂಡಾರವೊಂದಿದೆ. ಮೃತರ ಬಂಧುಗಳು ದಾನವಿತ್ತ ಮಿದುಳುಗಳನ್ನು ಅಲ್ಲಿ ಕಾಪಾಡುವರು. ಅಂಥ ಮಿದುಳುಗಳನ್ನು ಪರಿಶೀಲಿಸಿ ಡಾ. ಫಾಲ್ಗುಣಿ ಆನಂದ್ ಅಲ್ಲಾಡಿ ಮತ್ತು ಸಂಗಡಿಗರು 2009ರಲ್ಲಿ ಕುತೂಹಲಕರವಾದ ಸಂಗತಿಯನ್ನು ವರದಿಮಾಡಿದರು. ಪಾಶ್ಚಾತ್ಯರ ಕಪ್ಪು ದ್ರವ್ಯದಲ್ಲಿ ಮುಪ್ಪಿನಿಂದಲೇ ಹತ್ತು ವರ್ಷಕ್ಕೆ ಶೇಕಡ 5ರಷ್ಟು ಕೋಶಗಳು ನಶಿಸುವುವೆಂದು 1991ರ ಒಂದು ಎಣಿಕೆ ಹೇಳಿದ್ದರೆ, ಭಾರತೀಯರಲ್ಲಿ ಅಂಥ ಗಮನಾರ್ಹ ನಷ್ಟ ಕಾಣಲಿಲ್ಲ. ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಮೂವತ್ತು ವರ್ಷಕಾಲ ಶೀತಪೆಟ್ಟಿಗೆಗಳಲ್ಲಿ ಮಿದುಳುಗಳನ್ನಿಟ್ಟುಕೊಂಡು ಕಾಯುವ ಕೆಲಸವನ್ನು ಯಾವ ಕಂಪನಿಯೂ ಮಾಡಲಾರದು. ಸಹಭಾಗಿತ್ವವೆಂಬ ಹೆಸರಿನಲ್ಲಿ ಸರಕಾರ ಈ ಬಗೆಯ ಕೆಲಸದಿಂದ ಕೈತೊಳೆದುಕೊಂಡರೆ ಖಾಸಗಿಯವರಿಗೆ ಸೇರಿಕೊಳ್ಳಲು ಏನೂ ಉಳಿದಿರುವುದಿಲ್ಲ. 2023ರ ಕಾಯಿದೆಯಿಂದ ಸ್ಥಾಪಿತವಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ ನಿರೀಕ್ಷಿಸಿದ 50,000 ಕೋಟಿಯಲ್ಲಿ 36,000 ಕೋಟಿ ಸರಕಾರೇತರ ಮೂಲಗಳಿಂದ ಬರಬೇಕೆಂದು ಲೆಕ್ಕ ಹಾಕಿದ್ದನ್ನು ಓದಿದಾಗ ನನಗೆ ಈ ಆತಂಕವೇ ಆಯಿತು.

ಪಾರ್ಕಿನ್ಸನ್ನಿಗೆ ನೇರವಾಗಿ ಸಂಬಂಧಿಸಿದ ಎರಡು ಕೂಟಗಳು ನಮ್ಮಲ್ಲಿವೆ. ಫಾಕ್ಸ್ ಪ್ರತಿಷ್ಠಾನದ ನೆರವಿನಿಂದ ಭಾರತ, ಜರ್ಮನಿ, ಲಕ್ಸೆಂಬರ್ಗಿನ ವಿಜ್ಞಾನಿಗಳು ಕೂಡಿ, ಭಾರತದ ಸುಮಾರು ಇಪ್ಪತ್ತು ಕೇಂದ್ರಗಳಿಂದ 10,000 ರೋಗಿಗಳ ಮತ್ತು 10,000 ಆರೋಗ್ಯವಂತರ ಜೀನುಗಳನ್ನು ಹೋಲಿಸುವ ಯೋಜನೆ ಒಂದು. ಇನ್ನೊಂದು, ಚಿಕ್ಕ ವಯಸ್ಸಿನಲ್ಲೇ ರೋಗ ಬಂದವರನ್ನು ಕುರಿತದ್ದು: ಪಾರ್ಕಿನ್ಸನ್ ಸಂಶೋಧನೆಗಾಗಿ ಸೇರಿದ ಭಾರತೀಯ ವೈದ್ಯರ ಒಕ್ಕೂಟ, ಜೀನುಗಳನ್ನು ಓದುವ ಬೆಂಗಳೂರಿನ ಮೆಡ್‌ಜೀನೋಮ್ ಕಂಪನಿ, ಮತ್ತು ಸನ್ ಫಾರ್ಮಾ ಬಳಗದ ಸಂಶೋಧನಾ ಕಂಪನಿ ಸ್ಪಾರ್ಕ್. ಆ ವೈದ್ಯರು ಇಂಥ 668 ರೋಗಿಗಳ ವಿವರಗಳನ್ನು 2022ರಲ್ಲಿ ಪ್ರಕಟಿಸಿರುವರು.

ಇದೇ ಸ್ಪಾರ್ಕ್ ಕಂಪನಿ ಕೋಶಗಳ ಸಾವನ್ನು ತಡೆಯಬಹುದೆಂಬ ಆಶೆಯಿಂದ ವೊಡೊಬ್ಯಾಟಿನಿಬ್ ಎಂಬ ಔಷಧವನ್ನು ಹಲವು ದೇಶಗಳ ಐನೂರರಷ್ಟು ರೋಗಿಗಳಲ್ಲಿ ಪರೀಕ್ಷಿಸಿತು. 2024ರಲ್ಲಿ ನಡುವೆ ಲೆಕ್ಕ ನೋಡಿದಾಗ, ಹುಸಿ ಮಾತ್ರೆ ನುಂಗಿದವರಿಗಿಂತ ಔಷಧಿ ನುಂಗಿದವರಿಗೆ ಪ್ರಯೋಜನವೇನೂ ಆಗಿರಲಿಲ್ಲ. ಪ್ರಯೋಗ ನಿಂತಿತು. ಭಾರತೀಯ ಕಂಪನಿಯೊಂದು ಇಷ್ಟು ದೂರ ಬಂದದ್ದೇ ಅಪರೂಪ, ಸೋತದ್ದು ಅಪರೂಪವಲ್ಲ. ಆದರೆ ಸೋಲು ಯಾರ ಆಸ್ತಿ? ಕಂಪನಿ ತನ್ನ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಇನ್ನೊಬ್ಬರು ಅದೇ ಹಳ್ಳಕ್ಕೆ ಬೀಳುವರು. ಸಾರ್ವಜನಿಕ ಹಣವಾಗಲಿ, ಸಾರ್ವಜನಿಕರ ರಕ್ತವಾಗಲಿ ಸೇರಿದ ಯಾವ ಸಹಭಾಗಿತ್ವದಲ್ಲಿಯೂ ಸೋಲಿನ ಅಂಕಿ ಅಂಶಗಳನ್ನು ಸಂಪೂರ್ಣವಾಗಿ ಪ್ರಕಟಿಸಬೇಕೆಂಬ ಕರಾರು ಮೊದಲನೆಯ ಪುಟದಲ್ಲೇ ಇರತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಬೆಲೆಯ ಕರಾರು ಎರಡನೆಯ ಪುಟದಲ್ಲಿದ್ದರೂ ಆದೀತು. ಮದ್ದು ಇನ್ನೂ ಸಿಕ್ಕಿಲ್ಲವಷ್ಟೆ.

ಕಳೆದ ವರ್ಷ ಮೇಷ್ಟ್ರನ್ನೂ ಇಂಥ ಒಂದು ಅಧ್ಯಯನಕ್ಕೆ ರಕ್ತ ಕೊಡುವಿರಾ ಎಂದು ಆಸ್ಪತ್ರೆಯಲ್ಲಿ ಕೇಳಿದರು. ಜೊತೆಗೆ ಹೋಗಿದ್ದವನು ನಾನು. ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು, ಆರು ಪುಟ. ಮೇಷ್ಟ್ರು ಜೇಬಿನಿಂದ ಪೆನ್ಸಿಲು ತೆಗೆದು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಂತೆ ಪ್ರತಿ ಸಾಲನ್ನೂ ಓದಿ, ಮಾದರಿಯನ್ನು ಮುಂದೆ ಬೇರೆ ಸಂಸ್ಥೆಗಳೂ ಬಳಸಬಹುದೆಂಬ ವಾಕ್ಯದ ಕೆಳಗೆ ಗೆರೆ ಎಳೆದರು. “ಬೇರೆ ಸಂಸ್ಥೆಗಳು ಅಂದರೆ ಯಾವುವಮ್ಮಾ? ಅವರು ಕಂಡುಹಿಡಿದದ್ದು ನಿಮಗೆ ತಿಳಿಯುತ್ತದೆಯೇ?” ಎಂದು ಕೇಳಿದರು. ಸಂಶೋಧನೆಯ ಹುಡುಗಿ ಸಂಕೋಚದಿಂದಲೇ ಒಳಗೆ ಹೋಗಿ ತನ್ನ ಹಿರಿಯರನ್ನು ಕರೆತಂದಳು. ಅವರು ಕುಳಿತು ಅರ್ಧ ಗಂಟೆ ವಿವರಿಸಿದರು. “ಹಾಗಾದರೆ ಸರಿ” ಎಂದು ಮೇಷ್ಟ್ರು ಸಹಿ ಹಾಕಿದರು. ಸಹಿ ಎಷ್ಟು ಚಿಕ್ಕದಾಗಿತ್ತೆಂದರೆ, ಆ ಹುಡುಗಿ ಅದರ ಪಕ್ಕದಲ್ಲಿ ಅವರ ಹೆಸರನ್ನು ತಾನೇ ದೊಡ್ಡ ಅಕ್ಷರಗಳಲ್ಲಿ ಇನ್ನೊಮ್ಮೆ ಬರೆದುಕೊಂಡಳು.